ಮಗು ಮಲಗದ ಬಯಲಿನಲ್ಲಿ ಯಾವ ಉತ್ಸವ?

ನಗರದ ಸಂಸಾರವೊಂದು ಬೆಟ್ಟದ ತಪ್ಪಲಿನಲ್ಲಿ ಡೇರೆ ಹೂಡಿ, ಮಕ್ಕಳೊಂದಿಗೆ ಎರಡು ರಾತ್ರಿ ಸಂಗೀತ ಕೇಳಿ ಹಿಂದಿರುಗುವುದು ಈಗ ಅಪರೂಪದ ಸಂಗತಿಯಲ್ಲ. 2012ರಲ್ಲಿ ಕೊಡಗಿನಲ್ಲಿ ನಡೆದ ಸ್ಟಾರ್ಮ್ ಉತ್ಸವ ಈ ಬಗೆಯ ಬಿಡಾರದ ಉತ್ಸವಕ್ಕೆ ಕರ್ನಾಟಕದಲ್ಲಿ ದಾರಿ ತೆರೆಯಿತು. ಅದೇ ವರ್ಷ ಅರುಣಾಚಲ ಪ್ರದೇಶದ ಜೀರೋ ಕಣಿವೆಯಲ್ಲಿ ಬಿದಿರಿನ ವೇದಿಕೆಗಳ ಮೇಲೆ ಇನ್ನೊಂದು ಉತ್ಸವ ಆರಂಭವಾಯಿತು. ಅಲ್ಲಿಂದೀಚೆಗೆ ಬೆಟ್ಟ, ಕೆರೆ, ತೋಟ, ನಕ್ಷತ್ರ ಇವೆಲ್ಲವೂ ಟಿಕೆಟ್ಟಿನ ಬೆಲೆಯೊಳಗೆ ಸೇರಿಕೊಂಡಿವೆ.

ಚನ್ನಪಟ್ಟಣ ತಾಲ್ಲೂಕಿನ ಹೊಂಗನೂರಿನಂಥ ಊರುಗಳಿಗೆ ಈ ವಿಷಯ ದೂರದ್ದಲ್ಲ. ಚನ್ನಪಟ್ಟಣ ಬೆಂಗಳೂರಿನಿಂದ ಸುಮಾರು 60 ಕಿ.ಮೀ. ದೂರದಲ್ಲಿದೆ. 2023ರ ಮಾರ್ಚ್ ತಿಂಗಳಲ್ಲಿ ಬೆಂಗಳೂರು–ಮೈಸೂರು ದಶಪಥ ಹೆದ್ದಾರಿ ಉದ್ಘಾಟನೆಗೊಂಡ ಮೇಲೆ ಆ ದೂರವೂ ಕುಗ್ಗಿದೆ. ಬಂಡೆಗಲ್ಲಿನ ಬೆಟ್ಟ, ತೆಂಗು, ಮಾವಿನ ತೋಪು, ಕಣ್ವ ಜಲಾಶಯದ ನೀರು, ಇಷ್ಟು ಒಂದೆಡೆ ಇರುವ ಸೀಮೆಯ ಮೇಲೆ ಉತ್ಸವದ ವ್ಯಾಪಾರಿಗಳ ಕಣ್ಣು ಬೀಳದೆ ಇರುವುದಿಲ್ಲ. ಪ್ರಸ್ತಾಪ ಬರುವ ಮೊದಲೇ ಗ್ರಾಮಸಭೆ ತನ್ನ ಪ್ರಶ್ನೆಯನ್ನು ಸಿದ್ಧಪಡಿಸಿಕೊಳ್ಳುವುದು ವಿವೇಕ.

ಕೇಳಬೇಕಾದ ಪ್ರಶ್ನೆ ಒಂದೇ ಸಾಕು: ಆ ಬಯಲಿನಲ್ಲಿ ಮೂರು ವರ್ಷದ ಮಗು ರಾತ್ರಿ ನೆಮ್ಮದಿಯಾಗಿ ಮಲಗಬಲ್ಲದೆ? ಮಗುವಿಗೆ ನಿದ್ದೆ ಬರಬೇಕಾದರೆ ಸದ್ದು ಅಡಗಬೇಕು, ನೀರು ಶುದ್ಧವಾಗಿರಬೇಕು, ಶೌಚಾಲಯ ಹತ್ತಿರವಿರಬೇಕು, ಬೆಂಕಿ ಹತೋಟಿಯಲ್ಲಿರಬೇಕು, ಹೊಲಸು ಕೊಳೆಯಬಾರದು. ಬೆಟ್ಟಕ್ಕೆ ಬೇಕಾದದ್ದೂ ಇವೇ. ಮಗುವಿಗೆ ತಕ್ಕದ್ದಲ್ಲದ ಉತ್ಸವ ಬೆಟ್ಟಕ್ಕೂ ತಕ್ಕದ್ದಲ್ಲ. ‘ಸಂಸಾರ ಸಮೇತ ಬನ್ನಿ’ ಎಂದು ಕರೆಯುವವರನ್ನು ಅವರ ಮಾತಿನಿಂದಲೇ ಅಳೆಯಬೇಕಾಗಿದೆ.

ಬಿಡಾರ ಈ ಸೀಮೆಗೆ ಹೊಸತಲ್ಲ

ಸಂಸಾರದೊಡನೆ ಬಯಲಿನಲ್ಲಿ ತಂಗಿ ಸಂಗೀತ ಕೇಳುವುದನ್ನು ಈ ಸೀಮೆಯ ಜನಕ್ಕೆ ನಗರದವರು ಕಲಿಸಬೇಕಾಗಿಲ್ಲ. ಸಂಕ್ರಾಂತಿಯ ಆಸುಪಾಸಿನಲ್ಲಿ ಕೆಂಗಲ್ಲಿನ ಅಯ್ಯನಗುಡಿಯ ದನಗಳ ಜಾತ್ರೆಗೆ ಬರುವ ರೈತರು ರಾಸುಗಳ ಪಕ್ಕದಲ್ಲೇ ತಂಗುತ್ತ ಬಂದಿದ್ದಾರೆ. ಶಿವರಾತ್ರಿಗೆ ಮುನ್ನ ರಾಮನಗರ, ಚನ್ನಪಟ್ಟಣ, ಕನಕಪುರ ಕಡೆಯ ಭಕ್ತರು ಸಂಗಮದ ಬಳಿ ಕಾವೇರಿಯನ್ನು ದಾಟಿ, ಕಾಡುಹಾದಿ ಹಿಡಿದು ಮಲೆ ಮಹದೇಶ್ವರ ಬೆಟ್ಟಕ್ಕೆ ನಡೆಯುತ್ತಾರೆ. ದಾರಿಯಲ್ಲಿ ತಂಗುವುದು, ಮೂರು ಕಲ್ಲಿನ ಒಲೆ ಹೂಡುವುದು, ಮಾದಪ್ಪನ ಪದ ಹಾಡುವುದು ಆ ಯಾತ್ರೆಯ ಅಂಗಗಳೇ. ಕಂಸಾಳೆಯ ಕಂಚಿನ ನಾದಕ್ಕೆ ವಿದ್ಯುತ್ತೂ ಬೇಡ, ವೇದಿಕೆಯೂ ಬೇಡ. ಊರಿನ ಬಯಲಿನಲ್ಲಿ ಕುರುಕ್ಷೇತ್ರ ನಾಟಕ ನಡೆದರೆ ಚಾಪೆ, ಕಂಬಳಿ ಹೊತ್ತು ಹೋದ ಮನೆಮಂದಿಯಲ್ಲಿ ಹಿರಿಯರು ಹಾರ್ಮೋನಿಯಂ ಕೇಳುತ್ತ ಎಚ್ಚರವಿರುತ್ತಿದ್ದರು, ಮಕ್ಕಳು ಅಲ್ಲೇ ಮಲಗಿಬಿಡುತ್ತಿದ್ದರು. ಎಚ್.ಎಲ್. ನಾಗೇಗೌಡರು ಕಟ್ಟಿದ, 1994ರಲ್ಲಿ ರಾಮನಗರದ ಬಳಿ ತೆರೆದ ಜಾನಪದ ಲೋಕದಲ್ಲಿ ಈ ಪರಂಪರೆಯ ವಾದ್ಯಗಳನ್ನೂ ವಸ್ತುಗಳನ್ನೂ ಇಂದಿಗೂ ನೋಡಬಹುದು.

ಹಾಗೆಂದು ಹಳೆಯದೆಲ್ಲ ಚಿನ್ನವೆಂದು ಹೇಳಿದರೆ ಅದು ಆತ್ಮವಂಚನೆ. ಒಂದು ಕಾಲದಲ್ಲಿ ಜಾತ್ರೆಯೆಂದರೆ ಕಾಲರಾದ ಭಯವೂ ಜೊತೆಗೇ ಬರುತ್ತಿತ್ತು. ಕುಡಿಯುವ ನೀರಿಗೂ ಬಯಲುಶೌಚಕ್ಕೂ ನಡುವೆ ಅಂತರವಿಲ್ಲದೆ ಜನ ಸತ್ತದ್ದುಂಟು. ಇಂದಿನ ಜಾತ್ರೆ, ಗಣೇಶೋತ್ಸವಗಳಲ್ಲಿ ಡಿಜೆ ಪೆಟ್ಟಿಗೆಗಳು ಎದೆ ನಡುಗಿಸುತ್ತವೆ; ಪ್ರಸಾದ ಪ್ಲಾಸ್ಟಿಕ್ ತಟ್ಟೆಯಲ್ಲಿ ಬರುತ್ತದೆ. ಆದ್ದರಿಂದ ಇದು ಹಳ್ಳಿಯ ಜಾತ್ರೆ ಒಳ್ಳೆಯದು, ನಗರದ ಉತ್ಸವ ಕೆಟ್ಟದ್ದು ಎಂಬ ವಾದವಲ್ಲ. ಹೊರಗಿನವರಿಗೆ ವಿಧಿಸುವ ಷರತ್ತನ್ನು ಊರಿನ ಉತ್ಸವಕ್ಕೂ ವಿಧಿಸುವ ಧೈರ್ಯ ಊರಿಗಿರಬೇಕು. ಇಲ್ಲವಾದರೆ ಸಂಘಟಕರು ಊರಿನ ಡಿಜೆಯನ್ನೇ ಬೊಟ್ಟುಮಾಡಿ ತೋರಿಸುವರು. ಊರಿನ ಬಾಯಿ ಕಟ್ಟುವುದು.

ಸದ್ದಿನ ಲೆಕ್ಕ

ಶಬ್ದ ಮಾಲಿನ್ಯ (ನಿಯಂತ್ರಣ ಮತ್ತು ಹತೋಟಿ) ನಿಯಮಗಳು 2000ನೇ ಇಸವಿಯಲ್ಲಿ ಜಾರಿಗೆ ಬಂದವು. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಬಳಸುವಂತಿಲ್ಲ. ಸಾಂಸ್ಕೃತಿಕ, ಧಾರ್ಮಿಕ ಹಬ್ಬಗಳಿಗೆ ವರ್ಷದಲ್ಲಿ 15 ದಿನ ಮೀರದಂತೆ ರಾಜ್ಯ ಸರ್ಕಾರ ಸಡಿಲಿಕೆ ಕೊಡಬಹುದು. ಆ ಸಡಿಲಿಕೆಯೂ ರಾತ್ರಿ 12ಕ್ಕೆ ಮುಗಿಯುತ್ತದೆ. ವಾಸದ ಪ್ರದೇಶಕ್ಕೆ ಗೊತ್ತುಪಡಿಸಿದ ಮಿತಿ ಹಗಲು 55 ಡೆಸಿಬಲ್, ರಾತ್ರಿ 45 ಡೆಸಿಬಲ್. ಎಂದ ಮೇಲೆ ಬಯಲಿನಲ್ಲಿ ಬೆಳಗಿನವರೆಗೆ ಧ್ವನಿವರ್ಧಕದ ಸಂಗೀತ ನಡೆಸುತ್ತೇವೆಂದು ಯಾರಾದರೂ ಸಾರಿದರೆ, ಅವರು ಕಾನೂನು ಮುರಿಯುತ್ತೇವೆಂದು ಸಾರಿದಂತೆಯೇ ಸರಿ.

ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಸಂಗೀತದ ತಾಣಗಳಿಗೆ ಸರಾಸರಿ 100 ಡೆಸಿಬಲ್‌ಗಳ ಮೇಲ್ಮಿತಿಯನ್ನು ಸೂಚಿಸಿತು. ಅದೇ ಸಂಸ್ಥೆಯ ಲೆಕ್ಕದಲ್ಲಿ ವಯಸ್ಕರು ವಾರಕ್ಕೆ 40 ಗಂಟೆ ಸುರಕ್ಷಿತವಾಗಿ ಕೇಳಬಹುದಾದ ಸದ್ದು 80 ಡೆಸಿಬಲ್, ಮಕ್ಕಳಿಗಾದರೆ 75. ಸದ್ದು 3 ಡೆಸಿಬಲ್ ಏರಿದಂತೆಲ್ಲ ಕೇಳಬಹುದಾದ ಅವಧಿ ಅರ್ಧಕ್ಕಿಳಿಯುತ್ತದೆ. ಈ ಲೆಕ್ಕವನ್ನು ವಿದ್ಯಾರ್ಥಿಗಳು ತಾವೇ ಮಾಡಿ ನೋಡಲಿ: 100 ಡೆಸಿಬಲ್ ಸದ್ದಿನ ಮುಂದೆ ಮಗುವಿನ ಇಡೀ ವಾರದ ಪಾಲು ಹತ್ತು ನಿಮಿಷದೊಳಗೆ ಮುಗಿದುಹೋಗುತ್ತದೆ. ದೊಡ್ಡವರಿಗೆಂದು ಒಪ್ಪಿದ ಮೇಲ್ಮಿತಿಯೇ ಮಗುವಿಗೆ ಪೆಟ್ಟು! ಕಿವಿಯ ಒಳಗಿನ ಸೂಕ್ಷ್ಮ ಕೋಶಗಳು ಒಮ್ಮೆ ಸತ್ತರೆ ಮತ್ತೆ ಹುಟ್ಟುವುದಿಲ್ಲ. ಇದನ್ನು ಹೇಳದೆ ಮಕ್ಕಳಿಗೆ ಪ್ರವೇಶ ಉಚಿತವೆಂದು ಮಾತ್ರ ಹೇಳುವುದು ಔದಾರ್ಯವಲ್ಲ, ವಂಚನೆ.

ನೀರು ಮತ್ತು ಶೌಚ

ವಿಪತ್ತಿನ ಶಿಬಿರಗಳಿಗಾಗಿ ಜಗತ್ತಿನಾದ್ಯಂತ ಬಳಸುವ ಸ್ಫಿಯರ್ ಮಾರ್ಗಸೂಚಿಯಲ್ಲಿ ಒಬ್ಬರಿಗೆ ದಿನಕ್ಕೆ ಕನಿಷ್ಠ 15 ಲೀಟರ್ ನೀರು ಬೇಕೆಂದಿದೆ. ಆರಂಭದ ದಿನಗಳಲ್ಲಿ 50 ಜನರಿಗೊಂದು, ಅನಂತರ 20 ಜನರಿಗೊಂದು ಶೌಚಾಲಯ ಬೇಕೆಂದಿದೆ. ಎಲ್ಲವನ್ನೂ ಕಳೆದುಕೊಂಡ ನಿರಾಶ್ರಿತರಿಗೆ ಹೇಳಿದ ಕನಿಷ್ಠ ಪ್ರಮಾಣವಿದು. 3,000 ಜನ ತಂಗುವ ಉತ್ಸವವೊಂದನ್ನು ಊಹಿಸಿದರೆ ದಿನಕ್ಕೆ 45,000 ಲೀಟರ್ ನೀರು, ಅಂದರೆ 5,000 ಲೀಟರಿನ ಒಂಬತ್ತು ಟ್ಯಾಂಕರ್. ಶೌಚಾಲಯ ಕಡಿಮೆಯೆಂದರೂ 60. ಆ ಒಂಬತ್ತು ಟ್ಯಾಂಕರ್ ನೀರು ಯಾರ ಕೊಳವೆಬಾವಿಯಿಂದ ಬರುತ್ತದೆ? ಆ 60 ಗುಂಡಿಗಳ ಮಲ ಎಲ್ಲಿಗೆ ಹೋಗುತ್ತದೆ? ಈ ಎರಡು ಪ್ರಶ್ನೆಗಳಿಗೆ ಕಾಗದದ ಮೇಲೆ ಉತ್ತರವಿಲ್ಲದವರಿಗೆ ಬಯಲು ಕೊಡಬಾರದು.

ಶೌಚಾಲಯ ಸಾಲದಿದ್ದರೆ ಏನಾಗುತ್ತದೆಂಬುದಕ್ಕೆ ಇಂಗ್ಲೆಂಡಿನ ನಿದರ್ಶನವಿದೆ. 1970ರಲ್ಲಿ ಹೈನುಗಾರಿಕೆಯ ಜಮೀನೊಂದರಲ್ಲಿ ಆರಂಭವಾದ ಗ್ಲಾಸ್ಟನ್‌ಬರಿ ಉತ್ಸವ ಜಗತ್ಪ್ರಸಿದ್ಧ. ಅಲ್ಲಿ ಹರಿಯುವ ಸಣ್ಣ ನದಿಯ ನೀರನ್ನು 2019ರ ಉತ್ಸವದ ಹಿಂದುಮುಂದಿನ ವಾರಗಳಲ್ಲಿ ಸಂಗ್ರಹಿಸಿ ಪರೀಕ್ಷಿಸಿದ ಬ್ಯಾಂಗರ್ ವಿಶ್ವವಿದ್ಯಾಲಯದ ಸಂಶೋಧಕರು 2021ರಲ್ಲಿ ಫಲಿತಾಂಶ ಪ್ರಕಟಿಸಿದರು. ಬಯಲಿನಲ್ಲಿ ಮಾಡಿದ ಮೂತ್ರದ ಮೂಲಕ ಮಾದಕ ದ್ರವ್ಯಗಳು ನದಿ ಸೇರಿದ್ದವು. ಅಳಿವಿನಂಚಿನ ಹಾವುಮೀನಿಗೆ ಅದರಿಂದ ಹಾನಿಯಾಗಬಹುದೆಂದು ಅವರು ಎಚ್ಚರಿಸಿದರು. ಅಷ್ಟು ವ್ಯವಸ್ಥೆಯಿರುವ ಕಡೆಯೇ ಹೀಗಾದರೆ, ಕೆರೆ ಕಟ್ಟೆಯ ಪಕ್ಕದಲ್ಲಿ ನಾಲ್ಕು ತಗಡಿನ ಗೂಡು ನಿಲ್ಲಿಸಿ ಉತ್ಸವ ನಡೆಸುವವರ ಗತಿಯೇನು?

ಅದೇ ಗ್ಲಾಸ್ಟನ್‌ಬರಿಯಿಂದ ಕಲಿಯಬೇಕಾದದ್ದೂ ಇದೆ. ಕೆಲವು ವರ್ಷಗಳಿಗೊಮ್ಮೆ ಅಲ್ಲಿ ಉತ್ಸವವನ್ನೇ ನಿಲ್ಲಿಸಿ ಹೊಲಕ್ಕೆ ವಿಶ್ರಾಂತಿ ಕೊಡುತ್ತಾರೆ. 2012, 2018 ಅಂಥ ವರ್ಷಗಳು. ಭೂಮಿಯನ್ನು ಬೀಳು ಬಿಡುವ ಈ ಬುದ್ಧಿ ರಾಗಿ ಬೆಳೆಯುವ ರೈತನಿಗೆ ಹೊಸತೇನಲ್ಲ. ಉತ್ಸವದ ಬಯಲಿಗೂ ಅದು ಅನ್ವಯಿಸಬೇಕು.

ಹುಳು, ಹದ್ದು, ಬೆಂಕಿ

ಡೇರೆಯ ಸಂಸಾರಕ್ಕೆ ಸೊಳ್ಳೆಕಾಟ ತಪ್ಪಿದ್ದಲ್ಲ. ಸಂಘಟಕರು ಸಂಜೆಯಾಗುತ್ತಲೇ ಹೊಗೆಯಂತ್ರ ತಂದು ಕೀಟನಾಶಕ ಹಾಯಿಸಿದರೆ ಏನಾಗುತ್ತದೆಂಬುದು ರೇಷ್ಮೆ ಬೆಳೆಗಾರರಿಗೆ ಹೇಳಬೇಕಾಗಿಲ್ಲ. ಸೊಳ್ಳೆ ಕೊಲ್ಲುವ ಪೈರಿಥ್ರಾಯ್ಡ್ ಜಾತಿಯ ಔಷಧಗಳು ರೇಷ್ಮೆಹುಳುವಿಗೆ ಘೋರ ವಿಷ. ಗಾಳಿಯಲ್ಲಿ ತೇಲಿದ ಔಷಧ ಹಿಪ್ಪುನೇರಳೆ ಸೊಪ್ಪಿನ ಮೇಲೆ ಕುಳಿತರೆ, ನಾಲ್ಕನೆಯ ಜ್ವರ ಎದ್ದು ಇನ್ನೇನು ಹಣ್ಣಾಗಬೇಕಾದ ಹುಳು ಚಂದ್ರಿಕೆ ಏರುವ ಮೊದಲೇ ತಟ್ಟೆಯಲ್ಲಿ ಸಾಯುತ್ತದೆ. ಒಂದು ಸಂಜೆಯ ಹೊಗೆ, ಒಂದು ತಿಂಗಳ ಬೆಳೆ ನಷ್ಟ! ರಾಮನಗರದ ಗೂಡಿನ ಮಾರುಕಟ್ಟೆಯನ್ನೇ ನಂಬಿ ಸಾಲ ತೀರಿಸುವ ಮನೆಗಳಿರುವ ಸೀಮೆಯಲ್ಲಿ ಇದು ಸಣ್ಣ ಮಾತಲ್ಲ.

ಸಿನಿಮಾದವರು ಕಂಡ ರಾಮನಗರದ ಬೆಟ್ಟ ಬೇರೆ, ರಣಹದ್ದು ಕಂಡ ಬೆಟ್ಟ ಬೇರೆ. ‘ಶೋಲೆ’ಯ ಹೆಸರಿನಲ್ಲಿ ಪ್ರಸಿದ್ಧವಾದ ರಾಮದೇವರ ಬೆಟ್ಟದ 346.14 ಹೆಕ್ಟೇರ್ ಪ್ರದೇಶ 2012ರಲ್ಲಿ ರಣಹದ್ದುಗಳ ಅಭಯಧಾಮವಾಯಿತು. ದನಗಳ ಚಿಕಿತ್ಸೆಗೆ ಬಳಸುತ್ತಿದ್ದ ಡೈಕ್ಲೋಫೆನಾಕ್ ಔಷಧವೇ ದೇಶದಾದ್ಯಂತ ಈ ಹಕ್ಕಿಗಳನ್ನು ಕೊಂದಿತೆಂದು ತಿಳಿದು 2006ರಲ್ಲಿ ಪಶುಚಿಕಿತ್ಸೆಯಲ್ಲಿ ಅದನ್ನು ನಿಷೇಧಿಸಲಾಯಿತು. ಅಳಿದುಳಿದ ಉದ್ದ ಕೊಕ್ಕಿನ ರಣಹದ್ದು ಬಂಡೆಯ ಗೋಡೆಯಲ್ಲಿ ಗೂಡು ಕಟ್ಟಿ ಚಳಿಗಾಲದಲ್ಲಿ ಒಂದೇ ಒಂದು ಮೊಟ್ಟೆ ಇಡುತ್ತದೆ. ಮಳೆ ನಿಂತು ಹವೆ ಹಿತವಾಗಿರುವ ಆ ತಿಂಗಳುಗಳೇ ಬಿಡಾರದ ಉತ್ಸವಗಳ ಕಾಲವೂ ಹೌದು. ಹದ್ದು ಗೂಡು ಬಿಟ್ಟರೆ ಆ ವರ್ಷದ ಸಂತಾನವೇ ಇಲ್ಲ. ಬಂಡೆಗಲ್ಲಿನ ಬೆಟ್ಟಗಳ ಬಳಿ ಸದ್ದನ್ನೂ ದೀಪವನ್ನೂ ದೂರವಿಡಬೇಕೆಂಬುದು ಅತಿಯಾದ ಬೇಡಿಕೆಯಲ್ಲ.

ಫೆಬ್ರುವರಿಯ ಹೊತ್ತಿಗೆ ಬೆಟ್ಟದ ಹುಲ್ಲು ಒಣಗಿ ನಿಂತಿರುತ್ತದೆ. ಶಿಬಿರದ ಬೆಂಕಿಯ ಒಂದು ಕಿಡಿ ಸಾಕು. ಊಟದ ಎಂಜಲನ್ನು ಬಯಲಿನಲ್ಲಿ ಚೆಲ್ಲಿದರೆ ಮೊದಲು ಇಲಿ ಬರುತ್ತದೆ, ಇಲಿಯ ಹಿಂದೆ ಹಾವು. ನಾಯಿ ಬರುತ್ತದೆ, ನಾಯಿಯ ಹಿಂದೆ ಚಿರತೆ. ಉತ್ಸವದವರು ಡೇರೆ ಮಡಚಿ ಹೋಗುತ್ತಾರೆ. ಹಾವೂ ಚಿರತೆಯೂ ಊರಿನ ಪಾಲಿಗೆ ಉಳಿಯುತ್ತವೆ.

ಸಂಸಾರದೊಡನೆ ಹೋಗುವವರಿಗೆ

ಬಿಡಾರ ಹೂಡುವುದನ್ನೇ ಬೇಡವೆನ್ನುವುದು ಸರಿಯಲ್ಲ. ಆಕಾಶದ ಕೆಳಗೆ ಒಂದು ರಾತ್ರಿ ಮಲಗಿದ ಮಗು ಬೆಟ್ಟವನ್ನು ಸುಲಭಕ್ಕೆ ಮರೆಯುವುದಿಲ್ಲ. ಹೋಗುವವರು, ಅದು ಜಾತ್ರೆಯಾಗಲಿ ಉತ್ಸವವಾಗಲಿ, ಕೆಲವು ಸಂಗತಿಗಳನ್ನು ಗಮನದಲ್ಲಿಡಬೇಕು.

ಜಾಗದ ಆಯ್ಕೆಯೇ ಮೊದಲ ಕೆಲಸ. ತೆಂಗಿನ ಮರದ ಕೆಳಗೆ ಡೇರೆ ಹೂಡಬಾರದು. ಕಾಯಿಯಾಗಲಿ ಸೋಗೆಯಾಗಲಿ ಹೇಳಿ ಬೀಳುವುದಿಲ್ಲ. ಹಳ್ಳದ ಒಡಲು, ಜಲಾಶಯದ ಕೆಳಗಿನ ನದೀಪಾತ್ರ, ಒಣಹುಲ್ಲಿನ ನಡುವಿನ ಜಾಗ ಮೂರನ್ನೂ ಬಿಡಬೇಕು. ವೇದಿಕೆಯಿಂದ ಎಷ್ಟು ದೂರವಾದರೆ ಅಷ್ಟು ಒಳ್ಳೆಯದು. ಮಕ್ಕಳಿಗೆ ಕಿವಿ ಮುಚ್ಚುವ ಗಟ್ಟಿ ರಕ್ಷಾಕವಚ ತೊಡಿಸಬೇಕು. ಹತ್ತಿಯಿಂದ ಸದ್ದು ನಿಲ್ಲುವುದಿಲ್ಲ. ಕೂಸುಗಳನ್ನು ಧ್ವನಿಪೆಟ್ಟಿಗೆಯ ಹತ್ತಿರಕ್ಕೆ ಒಯ್ಯಲೇಬಾರದು.

ಸೊಳ್ಳೆಗೆ ಪರದೆ ಕಟ್ಟಬೇಕು, ಔಷಧ ಸಿಂಪಡಿಸಬಾರದು. ಚಳಿಯೆಂದು ಕೆಂಡದ ಅಗ್ಗಿಷ್ಟಿಕೆಯನ್ನು ಮುಚ್ಚಿದ ಡೇರೆಯೊಳಗೆ ಇಟ್ಟುಕೊಂಡರೆ ವಾಸನೆಯೇ ಇಲ್ಲದ ಕಾರ್ಬನ್ ಮೊನಾಕ್ಸೈಡ್ ಅನಿಲ ನಿದ್ದೆಯಲ್ಲೇ ಪ್ರಾಣ ತೆಗೆಯುತ್ತದೆ. ಅಡುಗೆ ಒಲೆಗೂ ಇದೇ ಮಾತು. ಬೆಳಿಗ್ಗೆ ಚಪ್ಪಲಿ, ಬೂಟು ಕೊಡವಿ ಮೆಟ್ಟಬೇಕು. ಕಲ್ಲುನೆಲದಲ್ಲಿ ಚೇಳು ಸಾಮಾನ್ಯ. ರಾತ್ರಿ ಹೊರಗೆ ಹೋಗುವಾಗ ಟಾರ್ಚ್ ಇರಲೇಬೇಕು. ಹಾವು ಕಚ್ಚಿದರೆ ಬಿಗಿಯಾಗಿ ಕಟ್ಟುವುದು, ಕೊಯ್ಯುವುದು, ಮಂತ್ರ ಹಾಕಿಸುವುದು ಯಾವುದೂ ಬೇಡ. ಕಚ್ಚಿದ ಅಂಗವನ್ನು ಅಲುಗಿಸದೆ ಆಸ್ಪತ್ರೆಗೆ ಕರೆದೊಯ್ಯಬೇಕು.

ಮನೆಯಿಂದ ಸ್ಟೀಲಿನ ತಟ್ಟೆ, ಲೋಟ, ನೀರಿನ ಪಾತ್ರೆ ತರುವುದರಲ್ಲಿ ಯಾವ ಕಷ್ಟವೂ ಇಲ್ಲ. ರಾಗಿ ಹುರಿಹಿಟ್ಟು, ಬೆಲ್ಲ, ಕಡಲೆಪುರಿ, ಬಾಳೆಹಣ್ಣು ಇದ್ದರೆ ಮಕ್ಕಳು ಅಂಗಡಿಯ ಪೊಟ್ಟಣಕ್ಕೆ ಹಟ ಹಿಡಿಯುವುದೂ ತಗ್ಗುತ್ತದೆ. ಭೇದಿಯಾದರೆ ಕೊಡಲು ಓ.ಆರ್.ಎಸ್. ಪುಡಿ ಜೊತೆಗಿರಲಿ. ತಂದೆತಾಯಿಯ ಫೋನ್ ಸಂಖ್ಯೆಯನ್ನು ಮಗುವಿನ ಕೈಮೇಲೆ ಬರೆದು, ತಪ್ಪಿಸಿಕೊಂಡರೆ ಬಂದು ನಿಲ್ಲಬೇಕಾದ ಜಾಗವನ್ನು ಬಂದ ಕೂಡಲೇ ತೋರಿಸಬೇಕು. ತಂದ ಪ್ಲಾಸ್ಟಿಕ್ಕನ್ನೂ ಕೂಸಿನ ಡೈಪರನ್ನೂ ತಮ್ಮ ಚೀಲದಲ್ಲೇ ವಾಪಸು ಒಯ್ಯಬೇಕು.

ಮೂರು ಸಮರ್ಥನೆಗಳು

ಎರಡೇ ದಿನದ ವಿಷಯವಲ್ಲವೆ, ಅಷ್ಟರಲ್ಲಿ ಏನು ಮುಳುಗುತ್ತದೆ ಎಂಬುದು ಮೊದಲ ಸಮರ್ಥನೆ. ರೇಷ್ಮೆಹುಳು ಸಾಯಲು ಒಂದು ಸಂಜೆ ಸಾಕು, ಹದ್ದು ಗೂಡು ಬಿಡಲು ಒಂದು ರಾತ್ರಿ ಸಾಕು, ಬೆಟ್ಟಕ್ಕೆ ಬೆಂಕಿ ಬೀಳಲು ಒಂದು ಗಳಿಗೆ ಸಾಕು. ಉತ್ಸವ ಎಷ್ಟು ದಿನದ್ದೆಂದು ಎಣಿಸಿದವರು ಅದು ಬಿಟ್ಟುಹೋಗುವ ಹಾನಿ ಎಷ್ಟು ದಿನದ್ದೆಂಬುದನ್ನೂ ಎಣಿಸಬೇಕು.

ಊರಿಗೆ ಹಣ ಬರುತ್ತದೆ ಎಂಬುದು ಎರಡನೆಯದು. ಬರಲಿ, ಆದರೆ ಯಾರಿಗೆ? ಜಮೀನಿನ ಬಾಡಿಗೆ ಒಬ್ಬರಿಗೆ, ಕಸ ಎಲ್ಲರಿಗೆ. ಟಿಕೆಟ್ಟಿನ ಹಣ ನಗರಕ್ಕೆ, ಬತ್ತಿದ ಕೊಳವೆಬಾವಿ ಊರಿಗೆ ಎಂದಾದರೆ ಅದು ವ್ಯಾಪಾರವಲ್ಲ, ಲೂಟಿ. ಊಟ ಊರಿನ ಸ್ತ್ರೀಶಕ್ತಿ ಸಂಘಗಳ ಒಲೆಯಿಂದ, ಎಳನೀರು ಊರಿನ ತೋಟದಿಂದ, ಗೊಂಬೆ ಚನ್ನಪಟ್ಟಣದ ಕುಶಲಕರ್ಮಿಯ ಕೈಯಿಂದ ಬಂದರೆ ಮಾತ್ರ ಆ ಹಣ ಊರಿನಲ್ಲಿ ಉಳಿಯುತ್ತದೆ.

ಪರಿಸರಸ್ನೇಹಿ ಉತ್ಸವವೆಂಬುದು ಮೂರನೆಯದು. ಹಸಿರು ಬಣ್ಣದ ಫಲಕವನ್ನು ಯಾರು ಬೇಕಾದರೂ ಕಟ್ಟಬಹುದು. 2016ರ ಮಾರ್ಚ್ ತಿಂಗಳಲ್ಲಿ ಕರ್ನಾಟಕ ಪ್ಲಾಸ್ಟಿಕ್ ಚೀಲ, ತಟ್ಟೆ, ಲೋಟಗಳನ್ನು ನಿಷೇಧಿಸಿತು; 2022ರ ಜುಲೈ 1ರಿಂದ ಒಂದೇ ಬಾರಿ ಬಳಸಿ ಎಸೆಯುವ ಪ್ಲಾಸ್ಟಿಕ್ ತಟ್ಟೆ, ಲೋಟ, ಚಮಚಗಳ ಮೇಲೆ ದೇಶಾದ್ಯಂತ ನಿಷೇಧ ಬಂತು. ನೂರಕ್ಕಿಂತ ಹೆಚ್ಚು ಜನ ಸೇರಿಸುವವರು ಮೂರು ಕೆಲಸದ ದಿನ ಮುಂಚೆ ಸ್ಥಳೀಯ ಸಂಸ್ಥೆಗೆ ತಿಳಿಸಿ, ಕಸವನ್ನು ಬೇರ್ಪಡಿಸಿ ಒಪ್ಪಿಸಬೇಕೆಂದು 2016ರ ಘನತ್ಯಾಜ್ಯ ನಿಯಮಗಳು ಸಂಘಟಕರ ಮೇಲೆ ಹೊಣೆ ಹೊರಿಸಿದವು. ಕಾನೂನು ಪಾಲಿಸುವುದನ್ನೇ ಪರಿಸರಪ್ರೇಮವೆಂದು ಮಾರುವವರನ್ನು ಕಂಡು ಮರುಳಾಗಬೇಕಾಗಿಲ್ಲ.

ಗ್ರಾಮಸಭೆ ವಿಧಿಸಬೇಕಾದ ಷರತ್ತುಗಳು

ಒಂದು: ರಾತ್ರಿ 10ಕ್ಕೆ ಧ್ವನಿವರ್ಧಕ ಬಂದ್. ಅನಂತರ ಹಾಡುವವರು ಕಂಠದಿಂದ, ಕಂಸಾಳೆಯಿಂದ, ತಂಬೂರಿಯಿಂದ ಹಾಡಲಿ.

ಎರಡು: ನೀರಿನ ಮೂಲವನ್ನೂ ಮಲದ ವಿಲೇವಾರಿಯನ್ನೂ ಮುಂಚೆಯೇ ಬರೆದುಕೊಡಬೇಕು. ಶೌಚಗುಂಡಿಗಳು ಬಾವಿ, ಕೆರೆಗಳಿಂದ ಕನಿಷ್ಠ 30 ಮೀಟರ್ ದೂರವಿರಬೇಕು.

ಮೂರು: ಕೀಟನಾಶಕದ ಹೊಗೆ ನಿಷಿದ್ಧ. ರೇಷ್ಮೆ ಬೆಳೆ ನಷ್ಟವಾದರೆ ಪರಿಹಾರ ಸಂಘಟಕರದು.

ನಾಲ್ಕು: ಗೊತ್ತಾದ ಒಲೆಗಳಲ್ಲದೆ ಬೇರೆಲ್ಲೂ ಬೆಂಕಿ ಇಲ್ಲ. ಪ್ರತಿ ಒಲೆಯ ಬಳಿ ನೀರು, ಮರಳು, ಕಾವಲು.

ಐದು: ಭದ್ರತಾ ಠೇವಣಿ ಪಂಚಾಯಿತಿಯಲ್ಲಿರಬೇಕು. ಶಾಲೆಯ ವಿದ್ಯಾರ್ಥಿಗಳು ಬಯಲನ್ನು ನೋಡಿ, ಸ್ವಚ್ಛವಾಗಿದೆಯೆಂದು ವರದಿ ಕೊಟ್ಟ ಮೇಲೆಯೇ ಅದನ್ನು ಹಿಂದಿರುಗಿಸಬೇಕು.

ಆರು: ಒಂದೇ ಬಯಲಿನಲ್ಲಿ ಪ್ರತಿ ವರ್ಷ ಉತ್ಸವ ನಡೆಯಕೂಡದು. ನೆಲಕ್ಕೆ ಬೀಳು ಬಿಡಬೇಕು.

ಏಳು: ಮೇಲಿನ ಆರೂ ಊರಿನ ಜಾತ್ರೆಗೂ ಗಣೇಶೋತ್ಸವಕ್ಕೂ ಅನ್ವಯ.

ಈ ಏಳನ್ನು ಕೇಳಿದ ಕೂಡಲೇ ಬೇರೆ ಊರು ಹುಡುಕಿಕೊಂಡು ಹೋಗುವ ಸಂಘಟಕರಿದ್ದರೆ, ಅವರು ಹೋಗುವುದೇ ಕ್ಷೇಮ. ಒಪ್ಪಿ ಬರುವವರಿದ್ದರೆ ಅವರಿಗೆ ಸ್ವಾಗತ ಹೇಳಲು ಊರು ಹಿಂಜರಿಯಬೇಕಾಗಿಲ್ಲ. ಆದರೆ ಒಂದು ಊರು ನಿರಾಕರಿಸಿದ್ದನ್ನು ಪಕ್ಕದ ಊರು ಅಗ್ಗದ ಬೆಲೆಗೆ ಒಪ್ಪಿಕೊಂಡರೆ ಎಲ್ಲವೂ ವ್ಯರ್ಥ. ಆದ್ದರಿಂದ ಹೊಂಗನೂರಿನಿಂದ ಮಾಗಡಿಯ ಸಾವನದುರ್ಗದವರೆಗೆ, ಕನಕಪುರದ ಸಂಗಮದವರೆಗೆ ಬೆಟ್ಟದ ತಪ್ಪಲಿನ ಎಲ್ಲ ಗ್ರಾಮಸಭೆಗಳೂ ಒಂದೇ ನಿರ್ಣಯವನ್ನು ಕೈಗೊಳ್ಳಬೇಕು. ಬರುವ ಗ್ರಾಮಸಭೆಯ ಕಾರ್ಯಸೂಚಿಯಲ್ಲೇ ಇದನ್ನು ಸೇರಿಸುವಂತೆ ಪ್ರತಿ ಊರಿನ ಯುವಕರೂ ಮಹಿಳೆಯರೂ ಪಂಚಾಯಿತಿಗೆ ಲಿಖಿತ ಅರ್ಜಿ ಕೊಡಲಿ. ಬೆಟ್ಟಕ್ಕೆ ಅರ್ಜಿ ಬರೆಯಲು ಬಾರದು, ಬರೆಯಬಲ್ಲವರು ಬರೆಯಬೇಕು.